ಸಿಮೆಂಟ್ ಪತ್ರಾಸ್ ನಮ್ಮ ಮನೆ ಮೇಲೆ ಬಂದದ್ದು ಹೇಗೆ, ಅದರ ದೂಳಿಗೆ ಯಾಕೆ ಹೆದರಬೇಕು

ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಊರಿಗೆ ಹೋದರೂ ಬೂದಿ ಬಣ್ಣದ, ಅಲೆ ಅಲೆಯಾದ ಚಾವಣಿ ಕಣ್ಣಿಗೆ ಬೀಳುತ್ತದೆ. ಮನೆಗೆ ಅದೇ, ದನದ ಕೊಟ್ಟಿಗೆಗೆ ಅದೇ, ತೋಟದ ಪಂಪ್‌ಸೆಟ್ ಮನೆಗೂ ಅದೇ. ನಾವು ಅದನ್ನು ಸಿಮೆಂಟ್ ಪತ್ರಾಸ್ ಅನ್ನುತ್ತೇವೆ. ಹೆಸರಲ್ಲಿ ಸಿಮೆಂಟ್ ಮಾತ್ರ ಇದೆ. ಆದರೆ ಬರೀ ಸಿಮೆಂಟನ್ನು ಅಷ್ಟು ತೆಳುವಾಗಿ ಹಾಳೆ ಮಾಡಿದರೆ ಎತ್ತುವಾಗಲೇ ತುಂಡಾಗುತ್ತದೆ. ಅದನ್ನು ಹಿಡಿದಿಟ್ಟುಕೊಂಡಿರುವುದು ಒಳಗಿರುವ ನಾರು. ಆ ನಾರಿನ ಹೆಸರು ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಬಹಳ ಸರಿಯಾದ ಹೆಸರಿದೆ: ಕಲ್ನಾರು. ಕಲ್ಲೂ ಹೌದು, ನಾರೂ ಹೌದು.

ಈ ನಾರು ಎಲ್ಲಿಂದ ಬಂತು, ಅದು ಅಪಾಯ ಎಂದು ಜಗತ್ತಿಗೆ ಯಾವಾಗ ಗೊತ್ತಾಯಿತು, ಆ ತಿಳಿವಳಿಕೆ ನಮ್ಮ ಮನೆ ಬಾಗಿಲಿಗೆ ಯಾಕೆ ಇನ್ನೂ ಬಂದಿಲ್ಲ ಅನ್ನುವುದೇ ಈ ಬರಹ. ಓದಿದ ಮೇಲೆ ಯಾರೂ ಗಾಬರಿಯಾಗಿ ಮನೆ ಮೇಲಿನ ಪತ್ರಾಸ್ ಕಿತ್ತು ಎಸೆಯಬೇಡಿ. ಯಾಕೆ ಎಸೆಯಬಾರದು ಅನ್ನುವುದೂ ಈ ಚರಿತ್ರೆಯಲ್ಲೇ ಇದೆ.

ಪತ್ರಾಸ್‌ಗಿಂತ ಮುಂಚೆ

ಅಥಣಿ, ರಾಯಬಾಗ ಕಡೆ ಮಳೆ ಕಡಿಮೆ. ಅಲ್ಲಿ ಹಳೆಯ ಮನೆಗಳೆಂದರೆ ಮಾಳಿಗೆ ಮನೆಗಳು. ತೊಲೆ, ಜಂತಿ ಹಾಕಿ, ಮೇಲೆ ಮಣ್ಣು ಹರವಿದ ಚಪ್ಪಟೆ ಚಾವಣಿ. ಬೇಸಿಗೆಯಲ್ಲಿ ತಂಪು. ಆದರೆ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿಯದಿದ್ದರೆ ಸೋರುತ್ತದೆ, ಜಡಿಮಳೆ ಹಿಡಿದರೆ ಕುಸಿಯುತ್ತದೆ. ರಾತ್ರಿ ಮಲಗಿದ್ದವರ ಮೇಲೆ ಮಾಳಿಗೆ ಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇವತ್ತಿಗೂ ಬರುತ್ತದೆ.

ನಿಪ್ಪಾಣಿ, ಚಿಕ್ಕೋಡಿಯ ಪಶ್ಚಿಮಕ್ಕೆ ಮಳೆ ಹೆಚ್ಚು. ಅಲ್ಲಿ ಇಳಿಜಾರಿನ ಹಂಚಿನ ಮನೆಗಳು. ಮೊದಲು ಕುಂಬಾರರ ನಾಡಹಂಚು ಇತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಯಂತ್ರದ ಹಂಚು ಊರೂರಿಗೆ ಹರಡಿತು. ನಮ್ಮ ಜಿಲ್ಲೆಯ ಖಾನಾಪುರವೂ ಹಂಚಿಗೆ ಹೆಸರಾಯಿತು. ಹಂಚು ಒಳ್ಳೆಯದೇ. ಆದರೆ ಅದರ ಭಾರ ಹೊರಲು ಕಟ್ಟಿಗೆ ಬಹಳ ಬೇಕು, ಮಂಗ ಹಾರಿದರೆ ಒಡೆಯುತ್ತದೆ, ವರ್ಷವರ್ಷ ಕೈಯಾಡಿಸಬೇಕು.

ಇವೆರಡೂ ಕೈಗೆಟುಕದವರಿಗೆ ಗುಡಿಸಲು. ಹುಲ್ಲು, ಜೋಳದ ಕಣಿಕೆ, ಕಬ್ಬು ಬಂದ ಮೇಲೆ ಕಬ್ಬಿನ ರವದಿ. ಒಲೆಯ ಒಂದು ಕಿಡಿ ಸಾಕಿತ್ತು.

ಇಂಥ ಊರುಗಳಿಗೆ ಸಿಮೆಂಟ್ ಪತ್ರಾಸ್ ಬಂದಾಗ ಜನ ಅದನ್ನು ಸಂತೋಷದಿಂದಲೇ ತಂದರು. ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ತಗಡಿನಷ್ಟು ಕಾಯುವುದಿಲ್ಲ, ಮಳೆ ಬಿದ್ದಾಗ ತಗಡಿನಷ್ಟು ಸದ್ದೂ ಇಲ್ಲ. ನಾಲ್ಕು ಆಸರೆ, ಹತ್ತಾರು ಜೆ ಬೋಲ್ಟ್ ಇದ್ದರೆ ಒಂದೇ ದಿನದಲ್ಲಿ ಚಾವಣಿ ತಯಾರು. ಮಿರಜ್, ಸಾಂಗ್ಲಿ, ಕೊಲ್ಹಾಪುರದ ಪೇಟೆ ಹತ್ತಿರ, ಕಬ್ಬಿನ ಬಿಲ್ ಕೈಗೆ ಬಂದಾಗ ರೊಕ್ಕವೂ ಇರುತ್ತಿತ್ತು. ಗುಡಿಸಲಿನಿಂದ ಪತ್ರಾಸ್ ಮನೆಗೆ ಬಂದ ಕುಟುಂಬಕ್ಕೆ ಅದು ದೊಡ್ಡ ಏಳಿಗೆ. ಇದನ್ನು ಮರೆತು ಪತ್ರಾಸನ್ನು ಬೈದರೆ ನ್ಯಾಯವಾಗುವುದಿಲ್ಲ.

ಶಾಶ್ವತ ಎಂಬ ಹೆಸರು

ಬೆಂಕಿಗೆ ಸುಡದ ಈ ನಾರು ಹಳೇ ಕಾಲದಿಂದ ಜನರಿಗೆ ಗೊತ್ತಿತ್ತು. ಗ್ರೀಕರು ಇದಕ್ಕೆ ಇಟ್ಟ ಹೆಸರಿಗೆ 'ಆರದ್ದು' ಎಂಬ ಅರ್ಥ. ಆದರೆ ಇದು ದೊಡ್ಡ ವ್ಯಾಪಾರವಾದದ್ದು ಉಗಿಯಂತ್ರಗಳು ಬಂದ ಮೇಲೆ. ರೈಲು, ಹಡಗು, ಗಿರಣಿಗಳ ಬಾಯ್ಲರ್‌ಗೂ ಉಗಿ ಕೊಳವೆಗೂ ಸುತ್ತಲು ಸುಡದ ಹೊದಿಕೆ ಬೇಕಿತ್ತು.

ಅದನ್ನು ಮನೆ ಚಾವಣಿಗೆ ತಂದವನು ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್. ಸಿಮೆಂಟು, ನೀರು, ಕಲ್ನಾರು ಕಲಸಿ, ಕಾಗದ ಮಾಡುವ ಯಂತ್ರದಂಥ ಯಂತ್ರದಲ್ಲಿ ಪದರ ಪದರವಾಗಿ ಹಾಳೆ ಎತ್ತುವ ವಿಧಾನ ಅವನದು. 1901ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ತನ್ನ ಮಾಲಿಗೆ ಅವನು ಇಟ್ಟ ಹೆಸರು 'ಎಟರ್ನಿಟ್'. ಶಾಶ್ವತ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹಾಳೆಯಲ್ಲಿ ಕಲ್ನಾರು ಇರುವುದು ಸುಮಾರು ಹತ್ತನೇ ಒಂದು ಪಾಲು. ಉಳಿದದ್ದು ಹೆಚ್ಚಾಗಿ ಸಿಮೆಂಟು.

ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಕೈಮೋರ್‌ನಲ್ಲಿ 1934ರಲ್ಲಿ ಇದರ ಕಾರ್ಖಾನೆ ಶುರುವಾಯಿತು. ಹಳ್ಳಿಗಳಲ್ಲಿ 'ಚಾರ್ಮಿನಾರ್' ಎಂಬ ಹೆಸರಿನಿಂದ ಮನೆಮಾತಾದ ಪತ್ರಾಸ್ ಮಾಡುವ ಹೈದರಾಬಾದಿನ ಕಂಪನಿ ಹುಟ್ಟಿದ್ದು 1946ರಲ್ಲಿ. ಕಲ್ನಾರು ನಮ್ಮ ನೆಲದಲ್ಲೂ ಸಿಗುತ್ತದೆ. ರಾಜಸ್ಥಾನದಲ್ಲಿ ಹೆಚ್ಚು. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರ ಸುತ್ತಲಿನ ಬಂಡೆಗಳಲ್ಲಿ ಇದೆ. ಆದರೆ ಕಾರ್ಖಾನೆಗಳಿಗೆ ಬೇಕಾದ ಬಿಳಿ ಕಲ್ನಾರಿನ ದೊಡ್ಡ ಪಾಲು ಬಂದದ್ದು ಹೊರದೇಶಗಳಿಂದ: ಕೆನಡಾ, ರಷ್ಯಾ, ಕಜಕಸ್ತಾನ, ಬ್ರೆಜಿಲ್, ಜಿಂಬಾಬ್ವೆ.

ಅಪಾಯ ಗೊತ್ತಾದ ಮೂರು ಹಂತ

ಮೊದಲ ಹಂತ ಕಾರ್ಖಾನೆಯ ಒಳಗೆ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಲ್ಲಿ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು ಕಲ್ನಾರಿನ ದಾರ ನೂಲುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ದಮ್ಮು ಕಟ್ಟಿ 1924ರಲ್ಲಿ ತೀರಿಕೊಂಡಾಗ ಅವಳಿಗೆ 33 ವರ್ಷ. ಅವಳ ಶ್ವಾಸಕೋಶ ಪರೀಕ್ಷಿಸಿದ ಡಾ. ಕುಕ್ ಅದರಲ್ಲಿ ಕಲ್ನಾರಿನ ಕಣಗಳನ್ನು ಕಂಡು, ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1927ರಲ್ಲಿ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರಾಯಿತು. ಶ್ವಾಸಕೋಶ ಗಾಯಗೊಂಡು, ಗಟ್ಟಿಯಾಗಿ, ಉಸಿರು ಎಳೆದುಕೊಳ್ಳಲಾಗದೆ ಸೊರಗುವ ರೋಗ ಅದು. 1931ರಲ್ಲಿ ಬ್ರಿಟನ್ ಸರ್ಕಾರ ಕಾರ್ಖಾನೆಗಳಲ್ಲಿ ದೂಳು ತಡೆಯಲು ನಿಯಮ ಮಾಡಿತು.

ಎರಡನೇ ಹಂತ ಕಾರ್ಖಾನೆ, ಗಣಿಯ ಹೊರಗೆ. 1960ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಜೊತೆಗಾರರು 33 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರಿಗೂ ಮೆಸೊಥೆಲಿಯೋಮಾ. ಅಂದರೆ ಶ್ವಾಸಕೋಶದ ಸುತ್ತಲಿನ ಪೊರೆಗೆ ಬರುವ ಕ್ಯಾನ್ಸರ್. ಅವರಲ್ಲಿ ಗಣಿಯಲ್ಲಿ ದುಡಿಯದವರೂ ಇದ್ದರು. ಗಣಿಯ ಹತ್ತಿರ ವಾಸವಿದ್ದದ್ದು, ಚಿಕ್ಕವರಿದ್ದಾಗ ಗಣಿ ಕಸದ ದಿಬ್ಬದ ಮೇಲೆ ಆಡಿದ್ದು, ಅಷ್ಟೇ ಅವರ ನಂಟು.

ಮೂರನೇ ಹಂತ ಮನೆಯ ಒಳಗೆ. 1965ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು ಇದೇ ಕ್ಯಾನ್ಸರ್ ಬಂದವರ ಹಿನ್ನೆಲೆ ಹುಡುಕಿದರು. ಕಾರ್ಮಿಕರ ಜೊತೆಗೆ ಇನ್ನೂ ಎರಡು ಗುಂಪು ಸಿಕ್ಕಿತು. ಒಂದು, ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ಮನೆ ಮಾಡಿದ್ದವರು. ಇನ್ನೊಂದು, ಕಾರ್ಮಿಕರ ಮನೆಯವರು, ಹೆಚ್ಚಾಗಿ ಹೆಂಗಸರು. ಗಂಡ ದುಡಿದು ಬಂದಾಗ ಅವನ ದೂಳು ತುಂಬಿದ ಬಟ್ಟೆ ಕೊಡವಿ ಒಗೆದವರು. ಅವರು ಕಾರ್ಖಾನೆಯ ಹೊಸ್ತಿಲೂ ತುಳಿದಿರಲಿಲ್ಲ.

ಈ ಮೂರೂ ಹಂತದಲ್ಲಿ ಕೊಂದದ್ದು ಒಂದೇ: ಗಾಳಿಗೆ ಎದ್ದ ದೂಳು. ಕಲ್ನಾರನ್ನು ಮುಟ್ಟಿದರೆ ರೋಗ ಬರುವುದಿಲ್ಲ. ಅದರ ನಾರು ಉದ್ದಕ್ಕೆ ಸೀಳುತ್ತಾ ಹೋಗಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾಗಿ, ಕಣ್ಣಿಗೆ ಕಾಣದ ಸೂಜಿಯಾಗುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳಿದು ನಾಟಿಕೊಳ್ಳುತ್ತದೆ. ಕಲ್ಲಾದ್ದರಿಂದ ಕರಗುವುದಿಲ್ಲ, ಕೊಳೆಯುವುದಿಲ್ಲ. ರೋಗ ಕಾಣಿಸಿಕೊಳ್ಳಲು 20 ರಿಂದ 50 ವರ್ಷ ಬೇಕು. ಇಪ್ಪತ್ತರ ಹುಡುಗ ಇವತ್ತು ಕುಡಿದ ದೂಳು ಅವನಿಗೆ ಮೊಮ್ಮಕ್ಕಳಾದ ಮೇಲೆ ಕೆಮ್ಮಾಗಿ ಹೊರಗೆ ಬರಬಹುದು.

ನಿಪ್ಪಾಣಿಯವರಿಗೆ ದೂಳು ಹೊಸದಲ್ಲ. ತಂಬಾಕಿನ ವಖಾರಿಗಳಲ್ಲಿ ಹೆಂಗಸರು ಸೆರಗನ್ನು ಮೂಗಿಗೆ ಸುತ್ತಿಕೊಂಡು ದುಡಿದದ್ದು ಎಲ್ಲರಿಗೂ ಗೊತ್ತು. ಆದರೆ ತಂಬಾಕಿನ ದೂಳು ಎದ್ದ ಕೂಡಲೇ ಸೀನು ಬರುತ್ತದೆ, ಕಣ್ಣು ಉರಿಯುತ್ತದೆ, ದೂರ ಸರಿ ಎಂದು ದೇಹವೇ ಹೇಳುತ್ತದೆ. ಕಲ್ನಾರಿನ ಸೂಜಿ ಹಾಗೆ ಹೇಳುವುದಿಲ್ಲ. ಇನ್ನೊಂದು ಮಾತು: ಕಲ್ನಾರಿನ ದೂಳು ಕುಡಿದವರು ಬೀಡಿ, ಸಿಗರೇಟು ಸೇದುವವರಾಗಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕೂಡುವುದಿಲ್ಲ, ಗುಣಿಸಿದ ಹಾಗೆ ಏರುತ್ತದೆ.

ಕಾನೂನು ಗೇಟಿನಲ್ಲೇ ನಿಂತಿತು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ದರ್ಜೆಯ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1983ರಲ್ಲಿ ಐಸ್‌ಲ್ಯಾಂಡ್, 1999ರಲ್ಲಿ ಬ್ರಿಟನ್, 2003ರ ಕೊನೆಗೆ ಆಸ್ಟ್ರೇಲಿಯಾ, 2005ರಲ್ಲಿ ಇಡೀ ಯುರೋಪಿಯನ್ ಒಕ್ಕೂಟ ಇದನ್ನು ನಿಷೇಧಿಸಿದವು. ನಮಗೆ ವರ್ಷಗಟ್ಟಲೆ ಕಲ್ನಾರು ಮಾರಿದ ಕೆನಡಾ 2018ರಲ್ಲಿ ತನ್ನ ದೇಶದಲ್ಲಿ ನಿಷೇಧ ತಂದಿತು. ಅಲ್ಲಿನ ದೊಡ್ಡ ಗಣಿಯ ಊರಿಗೆ 'ಆಸ್ಬೆಸ್ಟಾಸ್' ಎಂದೇ ಹೆಸರಿತ್ತು. ಆ ಹೆಸರು ಬೇಡವೆಂದು ಊರವರೇ 2020ರಲ್ಲಿ ಬದಲಾಯಿಸಿಕೊಂಡರು.

ನಮ್ಮ ದೇಶದ ದಾರಿ ಬೇರೆ. 1986ರಲ್ಲಿ ಹೊಸ ಕಲ್ನಾರು ಗಣಿ ಗುತ್ತಿಗೆ ಕೊಡುವುದು ನಿಂತಿತು, 1993ರಲ್ಲಿ ಹಳೆಯ ಗುತ್ತಿಗೆಯ ನವೀಕರಣವೂ ನಿಂತಿತು. ಕಾರಣ, ಕಾರ್ಮಿಕರ ಆರೋಗ್ಯ. ಆದರೆ ಹೊರದೇಶದಿಂದ ತರಿಸುವುದು ನಿಲ್ಲಲಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಟನ್ ತರಿಸಿಕೊಳ್ಳುವ ನಾವು ಇವತ್ತು ಜಗತ್ತಿನ ದೊಡ್ಡ ಗಿರಾಕಿಗಳಲ್ಲಿ ಒಬ್ಬರು.

ಫ್ರಾನ್ಸಿನ 'ಕ್ಲೆಮಾನ್ಸೋ' ಎಂಬ ಹಳೆಯ ಯುದ್ಧನೌಕೆ ಗುಜರಾತಿನ ಅಲಂಗ್‌ನಲ್ಲಿ ಒಡೆಸಿಕೊಳ್ಳಲು ಹೊರಟಿತ್ತು. ಅದರೊಳಗೆ ಕಲ್ನಾರಿದೆ ಎಂದು ದೊಡ್ಡ ಗಲಾಟೆಯಾಗಿ, 2006ರ ಫೆಬ್ರುವರಿಯಲ್ಲಿ ಫ್ರಾನ್ಸ್ ಹಡಗನ್ನು ವಾಪಸ್ ಕರೆಸಿಕೊಂಡಿತು. ಕಲ್ನಾರಿನ ಕಸ ದೇಶದೊಳಗೆ ತರುವುದನ್ನು ನಮ್ಮ ಕಾನೂನು ಒಪ್ಪುವುದಿಲ್ಲ. ಹೊಸ ಕಲ್ನಾರು ಚೀಲದಲ್ಲಿ ಬಂದರೆ ಮಾತ್ರ ಅಡ್ಡಿಯಿಲ್ಲ.

ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಒಂದು ಮಹತ್ವದ ತೀರ್ಪು ಕೊಟ್ಟಿತು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ರೋಗ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶಿಸಿತು. ಪೂರ್ತಿ ನಿಷೇಧ ಕೇಳಿದ ಇನ್ನೊಂದು ಅರ್ಜಿಯನ್ನು 2011ರಲ್ಲಿ ಇದೇ ನ್ಯಾಯಾಲಯ ಒಪ್ಪಲಿಲ್ಲ.

ಈ ತೀರ್ಪು ಬಹಳ ಒಳ್ಳೆಯದು. ಆದರೆ ಇದು ಕಾಯುವುದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರನ್ನು. ಪತ್ರಾಸ್ ಲಾರಿ ಹತ್ತಿ ಗೇಟು ದಾಟಿದ ಮೇಲೆ ಅದನ್ನು ಕೊಯ್ಯುವವನು ಊರಿನ ಗೌಂಡಿ, ತೂತು ಹಾಕುವವನು ಫಿಟ್ಟಿಂಗಿನ ಹುಡುಗ, ಬಿದ್ದ ಪುಡಿ ಗುಡಿಸುವವಳು ಮನೆಯ ಹೆಣ್ಣುಮಗಳು. ಇವರ ಆರೋಗ್ಯದ ದಾಖಲೆ ಯಾರೂ ಇಡುವುದಿಲ್ಲ. ಕಲ್ನಾರು ಸಿಮೆಂಟಿನಲ್ಲಿ ಬಿಗಿಯಾಗಿ ಕೂತಿದೆ, ಎಚ್ಚರದಿಂದ ಬಳಸಿದರೆ ತೊಂದರೆ ಇಲ್ಲ ಎಂದು ಕಂಪನಿಗಳ ವಾದ. ಹಾಳೆ ಇಡಿಯಾಗಿರುವವರೆಗೆ ಮಾತು ಬಹುಮಟ್ಟಿಗೆ ಸರಿ. ಆದರೆ ಹಳ್ಳಿಯಲ್ಲಿ ಗ್ರೈಂಡರ್ ಹಿಡಿದವನಿಗೆ ಆ ಎಚ್ಚರ ಏನೆಂದು ಹೇಳಿದವರು ಯಾರು?

ಎಷ್ಟು ಮನೆಗಳ ಮೇಲೆ ಇದು ಇದೆ ಎಂಬ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ. 2011ರ ಜನಗಣತಿಯ ಮನೆ ಪಟ್ಟಿಯಲ್ಲಿ ತಗಡು, ಬೇರೆ ಲೋಹದ ಶೀಟು, ಆಸ್ಬೆಸ್ಟಾಸ್ ಶೀಟು ಮೂರಕ್ಕೂ ಸೇರಿ ಒಂದೇ ಕಾಲಂ. ಪೋಲೆಂಡಿನಲ್ಲೂ ರೈತರ ಮನೆ, ಕೊಟ್ಟಿಗೆಗಳ ಮೇಲೆ ಇಂಥದೇ ಹಾಳೆಗಳು ತುಂಬಿದ್ದವು. ಅಲ್ಲಿನ ಸರ್ಕಾರ ಎಲ್ಲೆಲ್ಲಿ ಎಷ್ಟಿದೆ ಎಂದು ಲೆಕ್ಕ ಹಿಡಿದು, 2032ರೊಳಗೆ ದೇಶದಿಂದ ಪೂರ್ತಿ ತೆಗೆಯುವ ಯೋಜನೆ ಹಾಕಿಕೊಂಡಿದೆ.

ನಮ್ಮಲ್ಲಿ ಮುರಿಯುವುದು ನದಿ

ಇಡಿಯಾಗಿರುವ ಪತ್ರಾಸಿನ ಅಪಾಯ ಕಡಿಮೆ. ಮುರಿದದ್ದು ಅಪಾಯ. ಇದು ಎಲ್ಲ ಕಡೆಗೂ ಒಪ್ಪುವ ಮಾತು. ಆದರೆ ನಮ್ಮ ಐದು ತಾಲ್ಲೂಕುಗಳಿಗೆ ಇದರಲ್ಲಿ ಬೇರೆಯೇ ಅರ್ಥ ಇದೆ. ಯಾಕೆಂದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಮನೆಗಳು ಪದೇ ಪದೇ ಮುರಿಯುತ್ತವೆ. 2005, 2019, 2021: ಮೂರು ದೊಡ್ಡ ಮಹಾಪೂರ ಕಂಡಿದ್ದೇವೆ. ಯಡೂರು, ಮಾಂಜರಿ, ಇಂಗಳಿ, ಜುಗೂಳ, ಮಂಗಾವತಿ, ಹುಲಗಬಾಳಿ, ನದಿ ಇಂಗಳಗಾಂವ, ಕುಡಚಿ, ಕಾರದಗಾ, ಯಮಗರ್ಣಿ ಎಂದು ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮಣ್ಣಿನ ಗೋಡೆ ನೀರು ಕುಡಿದು ಕುಸಿದಾಗ ಮೇಲಿನ ಪತ್ರಾಸ್ ಚೂರುಚೂರಾಗುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬಿದ್ದ ಚಾವಣಿಯ ಚೂರು ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ.

ನೆರೆ ಇಳಿದ ಊರಲ್ಲಿ ಓಡಾಡಿದವರಿಗೆ ಗೊತ್ತು. ಚೂರುಗಳನ್ನು ಬುಟ್ಟಿಯಲ್ಲಿ ತುಂಬಿ ಅಂಗಳದ ಕೆಸರಿಗೆ ಸುರಿಯುತ್ತಾರೆ, ಗಾಡಿ ದಾರಿಯ ತಗ್ಗಿಗೆ ಹಾಕುತ್ತಾರೆ, ಬಚ್ಚಲಿನ ಮುಂದೆ ಹಾಸುತ್ತಾರೆ. ಒದ್ದೆ ಇರುವವರೆಗೆ ದೂಳಿಲ್ಲ. ಬೇಸಿಗೆ ಬಂದು, ಟ್ರ್ಯಾಕ್ಟರ್ ಗಾಲಿ ಅದರ ಮೇಲೆ ಹಾಯುತ್ತಾ ಹೋದರೆ ಅದೇ ಚೂರು ಪುಡಿಯಾಗುತ್ತದೆ. ಅದೇ ಅಂಗಳದಲ್ಲಿ ಮಕ್ಕಳು ಆಡುತ್ತಾರೆ. ದಕ್ಷಿಣ ಆಫ್ರಿಕಾದ ಗಣಿ ದಿಬ್ಬದ ಮೇಲೆ ಆಡಿದ ಮಕ್ಕಳು ಕುಡಿದಷ್ಟು ದೂಳು ಇಲ್ಲಿಲ್ಲ, ನಿಜ. ಆದರೆ ಇಷ್ಟರವರೆಗೆ ಕುಡಿದರೆ ಏನೂ ಆಗುವುದಿಲ್ಲ ಎಂಬ ಸುರಕ್ಷಿತ ಮಟ್ಟ ಯಾವುದೂ ಇದಕ್ಕೆ ಗೊತ್ತಾಗಿಲ್ಲ. ತಪ್ಪಿಸಬಹುದಾದ ದೂಳನ್ನು ತಪ್ಪಿಸುವುದೇ ಜಾಣತನ.

ಈಗ ನಾವು ಏನು ಮಾಡಬಹುದು

ಗಟ್ಟಿಯಾಗಿರುವ ಪತ್ರಾಸನ್ನು ಹಾಗೇ ಬಿಡಿ. ಕೀಳುವಾಗಲೇ ಹೆಚ್ಚು ದೂಳು. ಪಾಚಿ ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಬೇಡಿ. ಹಬ್ಬಕ್ಕೆ ಸುಣ್ಣಬಣ್ಣ ಮಾಡುವಾಗ ಒಳಗಿನಿಂದ ಕೆರೆಯಬೇಡಿ. ಹತ್ತಾರು ವರ್ಷ ಬಿಸಿಲು ಮಳೆ ತಿಂದ ಹಾಳೆಯಲ್ಲಿ ಸಿಮೆಂಟು ಸವೆದು ನಾರು ಮೇಲೆ ಬಂದಿರುತ್ತದೆ. ಅದರ ಮೇಲೆ ಕಾಲಿಟ್ಟು ಹತ್ತಲೂಬೇಡಿ. ದೂಳಿಗಿಂತ ಮುಂಚೆ ಅದು ಮುರಿದು ಕೆಳಗೆ ಬಿದ್ದು ಪ್ರಾಣ ಹೋಗುತ್ತದೆ.

ಕೊಯ್ಯಲೇಬೇಕಾದರೆ ಗ್ರೈಂಡರ್ ಬೇಡ. ನೀರು ಹೊಡೆದು ಒದ್ದೆ ಮಾಡಿ, ಕೈಗರಗಸದಿಂದ, ಮನೆಯ ಹೊರಗೆ, ಮಕ್ಕಳನ್ನು ದೂರ ಕಳಿಸಿ ಕೊಯ್ಯಿರಿ. ಮೂಗಿಗೆ ಕಟ್ಟಿದ ಟವೆಲ್ ಈ ನಾರನ್ನು ತಡೆಯುವುದಿಲ್ಲ. ಸಣ್ಣ ಕಣ ತಡೆಯುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ದಿನದ ಬಟ್ಟೆ ಕೊಡವಬೇಡಿ, ನೇರವಾಗಿ ನೀರಿಗೆ ಹಾಕಿ ಬೇರೆಯಾಗಿ ಒಗೆಯಿರಿ. ಲಂಡನ್ನಿನ ಆ ಹೆಂಗಸರಿಗೆ ಇದನ್ನು ಹೇಳುವವರು ಇರಲಿಲ್ಲ.

ತೆಗೆಯುವ ಕಾಲ ಬಂದರೆ ಬೋಲ್ಟ್ ಬಿಚ್ಚಿ ಹಾಳೆಯನ್ನು ಇಡಿಯಾಗಿ ಇಳಿಸಿ, ಮೇಲಿನಿಂದ ಒಗೆಯಬೇಡಿ. ಚೂರನ್ನು ಪುಡಿ ಮಾಡಬೇಡಿ, ಅಂಗಳಕ್ಕೆ, ದಾರಿಗೆ ಹಾಕಬೇಡಿ. ರವದಿಗೆ ಹಚ್ಚಿದ ಬೆಂಕಿ ಪತ್ರಾಸಿಗೆ ತಗುಲದಂತೆ ನೋಡಿಕೊಳ್ಳಿ. ಬಿಸಿಗೆ ಅದು ಪಟಾಕಿಯಂತೆ ಸಿಡಿಯುತ್ತದೆ.

ಮನೆ ಕೊಳ್ಳುವಾಗ ನಾವು ಉತಾರ ನೋಡುತ್ತೇವೆ, ಬೋಜಾ ನೋಡುತ್ತೇವೆ, ವಾಸ್ತು ಕೇಳುತ್ತೇವೆ. ಇನ್ನು ಮೇಲೆ ಚಾವಣಿಯನ್ನೂ ಕೇಳಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1960, 70ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಅಟ್ಟಕ್ಕೆ ಸೆಕೆ ತಡೆಯಲು ಬಿಡಿ ಕಲ್ನಾರು ತುಂಬಿದ್ದರು. 2014ರಿಂದ ಅಲ್ಲಿನ ಸರ್ಕಾರವೇ ಆ ಮನೆಗಳನ್ನು ಕೊಂಡು ಕೆಡವಬೇಕಾಯಿತು. ನಮ್ಮದು ಸಿಮೆಂಟಿನಲ್ಲಿ ಕೂತದ್ದು, ಅಷ್ಟು ಅಪಾಯವಿಲ್ಲ. ಆದರೂ ಒಡೆದ ಪತ್ರಾಸ್ ಎಷ್ಟಿದೆ, ತೆಗೆಸುವ ಖರ್ಚು ಯಾರದು ಎಂದು ವ್ಯವಹಾರದ ಮುಂಚೆಯೇ ಮಾತಾಡಿಕೊಳ್ಳಿ. ಹಾಳೆಯ ಮೇಲೆ 'ಐಎಸ್ 459' ಎಂಬ ಗುರುತು ಇದ್ದರೆ ಅದು ಕಲ್ನಾರಿನದೇ. ಹೊಸದಾಗಿ ಕೊಳ್ಳುವವರಿಗೆ ಕಲ್ನಾರು ಇಲ್ಲದ ನಾರಿನ ಸಿಮೆಂಟ್ ಶೀಟು, ಬಣ್ಣದ ತಗಡು, ಹಂಚು ಎಲ್ಲವೂ ಪೇಟೆಯಲ್ಲಿವೆ.

ಪತ್ರಾಸ್ ಕೊಯ್ದು, ಹೊದಿಸಿ ವರ್ಷಗಟ್ಟಲೆ ದುಡಿದವರಿಗೆ ದಮ್ಮು, ಬಿಡದ ಕೆಮ್ಮು ಬಂದರೆ, ಈ ಕೆಲಸ ಮಾಡಿದ್ದೇನೆ ಎಂದು ಡಾಕ್ಟರ್‌ಗೆ ತಾವಾಗಿಯೇ ಹೇಳಬೇಕು. ಕೆಮ್ಮು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಟಿಬಿ.

ಇನ್ನು ಊರಿನ ಕೆಲಸ. ಮುಂದಿನ ಮಹಾಪೂರ ಬರುವುದು ಗೊತ್ತು, ಯಾವ ವರ್ಷ ಎಂದು ಮಾತ್ರ ಗೊತ್ತಿಲ್ಲ. ಒಡೆದ ಪತ್ರಾಸನ್ನು ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನೀರು ಏರದ, ಬಾವಿ ಬೋರ್‌ವೆಲ್‌ನಿಂದ ದೂರದ, ಮುಂದೆ ಯಾರೂ ಅಗೆಯದ ಒಂದೇ ಜಾಗದಲ್ಲಿ ಆಳವಾಗಿ ಹೂಳುವ ವ್ಯವಸ್ಥೆ ಪ್ರತಿ ನದಿ ದಂಡೆಯ ಪಂಚಾಯಿತಿಗೂ ಬೇಕು. ಆ ಜಾಗ ಯಾವುದು ಎಂದು ಈ ಸಲದ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಸಿ.